ಕೆಂಪು ದೀಪಕ್ಕೆ ನಿಂತಾಗ ಎಂಜಿನ್ ನಡುಗುವುದೇಕೆ?

ಹುಬ್ಬಳ್ಳಿಯ ಉಣಕಲ್ ಕ್ರಾಸಿನಲ್ಲೋ ಹೊಸೂರು ವೃತ್ತದಲ್ಲೋ ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತಂದ ಕೂಡಲೇ ಸ್ಟೇರಿಂಗ್ ಹಿಡಿದ ಕೈಗೆ ನಡುಕ ತಾಗುತ್ತದೆ. ಆರ್‌ಪಿಎಂ ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯುತ್ತದೆ. ಎಸಿ ಹಾಕಿದರೆ ಎಂಜಿನ್ ಕುಗ್ಗಿ, ಕೆಲವೊಮ್ಮೆ ಬಂದ್ ಆಗಿಯೇ ಬಿಡುತ್ತದೆ. ದೀಪ ಹಸಿರಾಗಿ ಗಾಡಿ ಓಡತೊಡಗಿದ ಮೇಲೆ ಇದಾವುದೂ ಅಷ್ಟಾಗಿ ಗೊತ್ತಾಗುವುದಿಲ್ಲವಾದ್ದರಿಂದ ಬಹಳ ಜನ ತಿಂಗಳುಗಟ್ಟಲೆ ಸಹಿಸಿಕೊಂಡು ಹೋಗುತ್ತಾರೆ, ಇಲ್ಲವೇ ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತ ಹಣ ಕಳೆದುಕೊಳ್ಳುತ್ತಾರೆ. ಎರಡರ ಅಗತ್ಯವೂ ಇಲ್ಲ. ನಡುಕ ಯಾವಾಗ ಬರುತ್ತದೆ, ಯಾವ ಲಯದಲ್ಲಿ ಬರುತ್ತದೆ, ಏನು ಮಾಡಿದಾಗ ಹೋಗುತ್ತದೆ ಎಂಬುದನ್ನು ತಾಳ್ಮೆಯಿಂದ ಗಮನಿಸಿದರೆ, ಒಂದು ಪಾನಾವನ್ನೂ ಕೈಗೆತ್ತಿಕೊಳ್ಳುವ ಮೊದಲೇ ಹಲವು ಕಾರಣಗಳನ್ನು ಪಕ್ಕಕ್ಕಿಡಬಹುದು.

ಓಡುವಾಗ ಇಲ್ಲದ ನಡುಕ ನಿಂತಾಗಲೇ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಬಿಸಿಯಾದ ಪೆಟ್ರೋಲ್ ಎಂಜಿನ್, ಆಕ್ಸಿಲರೇಟರ್ ಒತ್ತದಿದ್ದಾಗ, ಸಾಮಾನ್ಯವಾಗಿ ನಿಮಿಷಕ್ಕೆ 650ರಿಂದ 850 ಸುತ್ತು ತಿರುಗುತ್ತದೆ. ಆಗ ಗಾಳಿಯನ್ನು ಒಳಬಿಡುವ ಥ್ರಾಟಲ್ ಬಾಡಿಯ ತಟ್ಟೆ ಬಹುಪಾಲು ಮುಚ್ಚಿಕೊಂಡಿದ್ದು, ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟೇ ಗಾಳಿಯನ್ನೂ ಅದಕ್ಕೆ ತಕ್ಕ ಅತ್ಯಲ್ಪ ಪೆಟ್ರೋಲನ್ನೂ ಬಳಸುತ್ತಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಒಂದು ಚಿಕ್ಕ ಬಿರುಕಿನಿಂದ ನುಸುಳುವ ಗಾಳಿ ಒಟ್ಟು ಗಾಳಿಯಲ್ಲಿ ಲೆಕ್ಕಕ್ಕೇ ಬಾರದು; ಅದೇ ಬಿರುಕು ನಿಂತ ಗಾಡಿಯಲ್ಲಿ ಮಿಶ್ರಣವನ್ನೇ ಕೆಡಿಸಬಲ್ಲದು. ಜೊತೆಗೆ, ವೇಗವಾಗಿ ತಿರುಗುವಾಗ ಫ್ಲೈವೀಲ್ ಎಂಬ ಭಾರವಾದ ಚಕ್ರದ ಓಟವೇ ಒಂದೆರಡು ತಪ್ಪಿದ ಉರಿತಗಳನ್ನು ಮುಚ್ಚಿಹಾಕುತ್ತದೆ. ನಿಧಾನಗತಿಯಲ್ಲಿ ಆ ರಕ್ಷಣೆ ಇಲ್ಲ.

ಸ್ವಲ್ಪ ಲೆಕ್ಕ ಹಾಕಿದರೆ ನಡುಕದ ಲಯವೇ ಸುಳಿವು ಕೊಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. 750 ಸುತ್ತಿಗೆ ಸೆಕೆಂಡಿಗೆ 25 ಉರಿತಗಳಾಗುತ್ತವೆ. ಅವು ಒಂದೇ ಸಮನಾಗಿದ್ದಾಗ ಕೈಗೆ ಒಂದು ನಯವಾದ ಗುನುಗು ಮಾತ್ರ ತಾಗುತ್ತದೆ. ಒಂದು ಸಿಲಿಂಡರ್ ಪೂರ್ತಿ ಕೆಲಸ ಬಿಟ್ಟರೆ ಸೆಕೆಂಡಿಗೆ ಸುಮಾರು ಆರು ಬಾರಿ ಒಂದು ಜಾಗ ಖಾಲಿ ಬೀಳುತ್ತದೆ, ಅದು ಒಂದೇ ಅಂತರದಲ್ಲಿ ಬರುವ ಧಕ್ಕೆಯಾಗಿ ಸೀಟಿಗೂ ಸ್ಟೇರಿಂಗಿಗೂ ತಿಳಿಯುತ್ತದೆ. ಹೀಗೆ ತಾಳ ತಪ್ಪದ ಧಕ್ಕೆ ಇದ್ದರೆ ಒಂದೇ ಸಿಲಿಂಡರಿನ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಕಡೆಗೆ ನೋಡಬೇಕು. ಧಕ್ಕೆ ಒಮ್ಮೆ ಬಂದು ಒಮ್ಮೆ ಬಾರದೆ, ಎಂಜಿನ್ನಿನ ವೇಗ ತೇಲಿದಂತೆ ಏರಿ ಇಳಿಯುತ್ತಿದ್ದರೆ ದೋಷ ಎಲ್ಲ ಸಿಲಿಂಡರ್‌ಗಳಿಗೂ ಸಮಾನವಾದ ಗಾಳಿ ಅಥವಾ ಇಂಧನದ ವ್ಯವಸ್ಥೆಯಲ್ಲಿರುವ ಸಾಧ್ಯತೆ ಹೆಚ್ಚು.

ಮೂರು ಸಿಲಿಂಡರಿನ ಗಾಡಿ ಇಟ್ಟುಕೊಂಡವರು ಇಲ್ಲಿ ಒಂದು ಮಾತು ನೆನಪಿಡಬೇಕು. ನಮ್ಮಲ್ಲಿ ಓಡುವ ಚಿಕ್ಕ ಕಾರುಗಳಲ್ಲಿ ಬಹಳಷ್ಟು ಮೂರು ಸಿಲಿಂಡರಿನವು, ಮತ್ತು ಅವುಗಳ ರಚನೆಯಲ್ಲಿಯೇ ಒಂದಿಷ್ಟು ಅದುರಾಟವಿದೆ. ಅದೇ ಮಾದರಿಯ, ಚೆನ್ನಾಗಿರುವ ಇನ್ನೊಂದು ಗಾಡಿಯಲ್ಲಿ ಐದು ನಿಮಿಷ ಕುಳಿತು ಹೋಲಿಸಿ ನೋಡದೆ ರೋಗವಿದೆಯೆಂದು ತೀರ್ಮಾನಿಸಬಾರದು. ಹಾಗೆಯೇ, ಆರ್‌ಪಿಎಂ ಮುಳ್ಳು ಅಲುಗಾಡದೆ ನಿಂತಿದ್ದು, ಬಾನೆಟ್ ತೆಗೆದು ಕೇಳಿದಾಗ ಎಂಜಿನ್ ಸದ್ದೂ ಸಮನಾಗಿದ್ದು, ನಡುಕ ಮಾತ್ರ ಒಳಗೆ ಕುಳಿತವರಿಗೆ ತಾಗುತ್ತಿದ್ದರೆ, ಎಂಜಿನ್ನಿನ ಒಳಗೆ ಏನೂ ಕೆಟ್ಟಿಲ್ಲದೆ ಅದನ್ನು ಹೊತ್ತ ರಬ್ಬರಿನ ಮೌಂಟಿಂಗ್‌ಗಳು, ಗ್ಯಾರೇಜಿನವರು ಫೌಂಡೇಶನ್ ಎನ್ನುವ ಭಾಗ, ಸವೆದೋ ಹರಿದೋ ಇರುತ್ತದೆ. ಪ್ಲಗ್ ಬದಲಿಸಿದರೆ ಈ ನಡುಕ ಹೋಗದು.

ಅನುಭವಸ್ಥ ಮೇಸ್ತ್ರಿ ಗಾಡಿ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆಗೆ ಬಹಳ ಬೆಲೆಯಿದೆ: “ಗಾಡಿ ಥಂಡಿ ಇದ್ದಾಗ ನಡಗತೈತೇನ್ರಿ, ಬಿಸಿ ಆದ ಮ್ಯಾಲೆ ನಡಗತೈತೇನ್ರಿ?” ಇದಕ್ಕೆ ಸರಿಯಾದ ಉತ್ತರ ಕೊಡುವವನು ಗಾಡಿಯ ಮಾಲೀಕ ಮಾತ್ರ, ಏಕೆಂದರೆ ಗ್ಯಾರೇಜಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ವೇಗ 1200ಕ್ಕಿಂತ ಮೇಲೆ ಹೋಗಿ ಕೆಲ ನಿಮಿಷಗಳಲ್ಲಿ ಇಳಿಯುವುದು ಸಹಜ. ಆ ಕೆಲ ನಿಮಿಷ ಮಾತ್ರ ನಡುಗಿ ಆಮೇಲೆ ಸರಿಹೋಗುವ ಗಾಡಿಯಲ್ಲಿ ಸವೆದ ಪ್ಲಗ್, ರಾತ್ರಿಯೆಲ್ಲ ಹನಿಯುವ ಇಂಜೆಕ್ಟರ್, ಎಂಜಿನ್ ತಣಿಸುವ ದ್ರವದ ತಾಪ ತಪ್ಪಾಗಿ ಹೇಳುವ ಕೂಲಂಟ್ ಸೆನ್ಸರ್, ಥಂಡಿಯಲ್ಲಿ ಬಿರಿದು ಬಿಸಿಗೆ ಕೂಡಿಕೊಳ್ಳುವ ಗ್ಯಾಸ್ಕೆಟ್ ಇವುಗಳ ಮೇಲೆ ಸಂಶಯ ಬರುತ್ತದೆ. ಬಿಸಿಯಾದ ಮೇಲಷ್ಟೇ ನಡುಗಿದರೆ ಕಾವಿಗೆ ಸೋಲುವ ಇಗ್ನಿಷನ್ ಕಾಯಿಲ್ ಮೊದಲು ನೆನಪಾಗಬೇಕು. ಪೆಟ್ರೋಲ್ ತುಂಬಿಸಿದ ಕೂಡಲೇ ಎಂಜಿನ್ ಕಷ್ಟಪಟ್ಟು ಚಾಲೂ ಆಗಿ ಕೆಲಹೊತ್ತು ಎಳೆದಾಡಿದರೆ, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆ ಎನ್ನಬಹುದು. ಬ್ರೇಕ್ ಒತ್ತಿದಾಗ ಆರ್‌ಪಿಎಂ ಬದಲಾಗಿ ಪೆಡಲಿನ ಬಳಿ ಬುಸ್ಸೆಂಬ ಸದ್ದು ಕೇಳಿದರೆ ಬ್ರೇಕ್ ಬೂಸ್ಟರ್ ಅಥವಾ ಅದರ ಪೈಪು ಸೋರುತ್ತಿದೆ, ಮತ್ತು ಅದು ಬ್ರೇಕಿನ ಪ್ರಶ್ನೆಯೂ ಆದ್ದರಿಂದ ಅಂದೇ ನೋಡಿಸಬೇಕು.

ಎಸಿ ಹಾಕಿದಾಗಲಷ್ಟೇ ಎಂಜಿನ್ ಕುಗ್ಗುವ ಗಾಡಿಗಳಲ್ಲಿ ನಾನು ಮೊದಲು ಥ್ರಾಟಲ್ ಬಾಡಿಯನ್ನು ಸಂಶಯಿಸುತ್ತೇನೆ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಎಣ್ಣೆಯ ಆವಿ ಮತ್ತು ನಮ್ಮ ಸೀಮೆಯ ಎರೆಮಣ್ಣಿನ ಧೂಳು ಸೇರಿ ತಟ್ಟೆಯ ಅಂಚಿನಲ್ಲಿ ಕರಿಯ ಅಂಟು ಕಟ್ಟುತ್ತದೆ. ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಓಡಾಡುವ ಗಾಡಿಗಳ ಏರ್ ಫಿಲ್ಟರನ್ನು ಬಿಚ್ಚಿ ತಟ್ಟಿದವರಿಗೆ ಆ ಧೂಳಿನ ಪ್ರಮಾಣ ಗೊತ್ತು; ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಅದನ್ನು ಬದಲಿಸುವುದು ಇಲ್ಲಿ ದುಂದುಗಾರಿಕೆಯಲ್ಲ. ಕೊಳೆ ಕಟ್ಟಿದ ತಟ್ಟೆಯ ಸುತ್ತ ಗಾಳಿಯ ದಾರಿ ಕಿರಿದಾಗುವುದರಿಂದ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ತಟ್ಟೆಯನ್ನು ಅಥವಾ ಹಳೆಯ ಗಾಡಿಗಳಲ್ಲಿ ಪಕ್ಕದ ಐಡಲ್ ವಾಲ್ವನ್ನು ಹೆಚ್ಚು ಹೆಚ್ಚು ತೆರೆದು ಸರಿದೂಗಿಸುತ್ತ ಹೋಗುತ್ತದೆ. ಎಸಿ ಕಂಪ್ರೆಸರಿನ ಭಾರ ಹಠಾತ್ತನೆ ಬಿದ್ದಾಗ ಆ ಸರಿದೂಗಿಸುವಿಕೆ ಸಾಲದಾಗುತ್ತದೆ. ಶುಚಿಗೊಳಿಸಲು ಥ್ರಾಟಲ್ ಬಾಡಿಗೆಂದೇ ಬರುವ ಕ್ಲೀನರನ್ನು ಮೆತ್ತನೆಯ ಬಟ್ಟೆಗೆ ಹಾಕಿ ಒರೆಸಬೇಕು. ಮೋಟಾರಿನಿಂದ ತಿರುಗುವ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತೆರೆಯಬಾರದು, ಒಳಗಿನ ಹಲ್ಲುಚಕ್ರಗಳು ಪ್ಲಾಸ್ಟಿಕ್ಕಿನವಾಗಿರಬಹುದು. ಶುಚಿಯಾದ ಮೇಲೆ ಎಂಜಿನ್ ಕೆಲಕಾಲ ಹೆಚ್ಚು ವೇಗದಲ್ಲಿ ನಿಂತರೆ ಗಾಬರಿಯಾಗಬೇಕಾಗಿಲ್ಲ. ಕಂಪ್ಯೂಟರ್ ಹಳೆಯ ಲೆಕ್ಕವನ್ನು ಮರೆತು ಹೊಸದನ್ನು ಕಲಿಯಬೇಕು, ಕೆಲವು ಗಾಡಿಗಳಿಗೆ ಸ್ಕ್ಯಾನರ್‌ನಿಂದ ಈ ಕಲಿಕೆಯನ್ನು ಮಾಡಿಸಬೇಕಾಗುತ್ತದೆ.

ಇದೇ ಸಂದರ್ಭದಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ “ರೇಸ್ ಸ್ವಲ್ಪ ಏರಿಸಿ ಕೊಡ್ರಿ” ಎನ್ನುವುದು ವಾಡಿಕೆಯಾಗಿತ್ತು. ಇಂದಿನ ಇಂಜೆಕ್ಷನ್ ಗಾಡಿಯ ಥ್ರಾಟಲ್ ತಡೆಸ್ಕ್ರೂವನ್ನು ತಿರುಗಿಸಿದರೆ ನಡುಕ ಒಂದೆರಡು ವಾರ ಮರೆಯಾಗುತ್ತದೆ, ಆದರೆ ತಟ್ಟೆ ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬ ಕಂಪ್ಯೂಟರಿನ ಮೂಲ ಲೆಕ್ಕವೇ ಕೆಡುತ್ತದೆ, ಆಮೇಲೆ ನಿಜವಾದ ದೋಷ ಹುಡುಕುವುದು ಇಮ್ಮಡಿ ಕಷ್ಟವಾಗುತ್ತದೆ.

ಗಾಳಿ ಎಳೆಯುವ ದೋಷ, ಅಂದರೆ ವ್ಯಾಕ್ಯೂಮ್ ಸೋರಿಕೆ, ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಡುವಂಥದ್ದು. ಥ್ರಾಟಲ್ ತಟ್ಟೆ ಮುಚ್ಚಿದ್ದಾಗ ಪಿಸ್ಟನ್‌ಗಳು ಕೆಳಗಿಳಿಯುತ್ತ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಒತ್ತಡವನ್ನು ಬಹಳ ಕೆಳಗೆ ತರುತ್ತವೆ. ಎಳನೀರಿನ ಕೊಳವೆಯಲ್ಲಿ ನಡುವೆ ಒಂದು ಸೀಳು ಬಿದ್ದರೆ ಬಾಯಿಗೆ ನೀರಿಗಿಂತ ಗಾಳಿಯೇ ಬರುವಂತೆ, ಮ್ಯಾನಿಫೋಲ್ಡಿಗೆ ಸೇರಿದ ಯಾವುದೇ ರಬ್ಬರ್ ಪೈಪು ಬಿರಿದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಬಿರುಕು ಬಹುಮಟ್ಟಿಗೆ ಕಣ್ಣಿಗೆ ಕಾಣುವ ನೇರ ಭಾಗದಲ್ಲಿರದೆ, ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿನ ಆವಿಯನ್ನು ಎಳೆಯುವ ಪಿಸಿವಿ ಪೈಪಿನ ಮೊಣಕೈಯಂಥ ಬಾಗಿನ ಕೆಳಬದಿಯಲ್ಲಿರುತ್ತದೆ. ಎಣ್ಣೆಯ ಆವಿಗೆ ರಬ್ಬರ್ ಮೆತ್ತಗಾಗಿ, ಎಂಜಿನ್ನಿನ ಕಾವಿಗೆ ಒಣಗಿ, ಬಾಗನ್ನು ಬೆರಳಿನಿಂದ ತುಸು ಬಿಡಿಸಿದಾಗ ಮಾತ್ರ ಬಾಯಿ ತೆರೆಯುವ ಸೀಳು ಅದು. ಟಾರ್ಚ್ ಹಿಡಿದು ಮೇಲಿನಿಂದ ನೋಡಿದವರು ಅದನ್ನು ಎಷ್ಟು ಸಲ ನೋಡಿದರೂ ಕಾಣಲಾರರು. ಪೈಪಿನ ಪ್ರತಿ ಬಾಗನ್ನೂ ಬೆರಳಿನಿಂದ ಸವರಬೇಕು. ಅಮರಗೋಳದ ಎಪಿಎಂಸಿಯಂಥ ಧಾನ್ಯದ ಗೋದಾಮುಗಳಿರುವ ಕಡೆ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ಪೈಪು ಮತ್ತು ವೈರುಗಳನ್ನೂ ಮೊದಲೇ ನೋಡಿಬಿಡುವುದು ಒಳ್ಳೆಯದು.

ಸೋರುವ ಜಾಗ ಹುಡುಕಲು ಕೆಲವರು ಎಂಜಿನ್ ಚಾಲೂ ಇರುವಾಗ ಮ್ಯಾನಿಫೋಲ್ಡಿನ ಸುತ್ತ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಏರುವುದೇ ಎಂದು ನೋಡುತ್ತಾರೆ. ಅದು ಕೆಲಸ ಮಾಡುತ್ತದೆ ನಿಜ, ಆದರೆ ಬಿಸಿ ಸೈಲೆನ್ಸರ್ ಪೈಪು ಮತ್ತು ಕಿಡಿ ಹಾರಬಹುದಾದ ವೈರುಗಳ ನಡುವೆ ಬೆಂಕಿ ಹೊತ್ತುವ ದ್ರವ ಸಿಂಪಡಿಸುವ ಆ ರೀತಿಯನ್ನು ಮನೆಯಲ್ಲಿ ಯಾರೂ ಮಾಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮ್ಯಾನಿಫೋಲ್ಡಿನೊಳಗೆ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆಂದು ನೋಡುವ ಸ್ಮೋಕ್ ಪರೀಕ್ಷೆ ಸುರಕ್ಷಿತ, ಸೋರುವ ಜಾಗವನ್ನು ನೇರವಾಗಿಯೂ ತೋರಿಸುತ್ತದೆ. ಅದರ ಯಂತ್ರವಿರುವ ಗ್ಯಾರೇಜನ್ನು ಹುಡುಕಿಕೊಂಡು ಹೋಗುವ ಶ್ರಮ ವ್ಯರ್ಥವಾಗದು.

ಇಲ್ಲಿಗೆ ಸ್ಕ್ಯಾನರ್ ಬೇಕಾಗುತ್ತದೆ. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಓಬಿಡಿ ಕಿಂಡಿಗೆ ಸ್ಕ್ಯಾನರ್ ಸೇರಿಸಿದರೆ ಕಂಪ್ಯೂಟರ್ ದಾಖಲಿಸಿದ ದೋಷಸಂಖ್ಯೆಗಳು ಸಿಗುತ್ತವೆ. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಉರಿತ ತಪ್ಪುತ್ತಿದೆ, ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಎಂದರೆ ಗೊತ್ತಾದ ಒಂದು ಸಿಲಿಂಡರಿಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ. ಪಿ0171 ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬಿದ್ದುದನ್ನು ಹೇಳುತ್ತದೆ. ಆದರೆ ಯಾವ ಸಂಖ್ಯೆಯೂ ಯಾವ ಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ಪಿ0171 ಬಂದಾಕ್ಷಣ, ಹೊರಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವುದು ಬಹಳ ಕಡೆ ನಡೆಯುವ ತಪ್ಪು. ಸೆನ್ಸರ್ ತನ್ನ ಕೆಲಸ ಮಾಡಿ, ಇರುವ ಸಂಗತಿಯನ್ನು ವರದಿ ಮಾಡಿದೆ ಅಷ್ಟೆ.

ಸಂಖ್ಯೆಗಳಿಗಿಂತ ಹೆಚ್ಚು ಹೇಳುವುದು ಸ್ಕ್ಯಾನರಿನಲ್ಲಿ ಕಾಣುವ ಫ್ಯೂಯಲ್ ಟ್ರಿಮ್. ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಎಂಬುದೇ ಅದು. ಸೊನ್ನೆಯ ಆಚೀಚೆ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಈಗ ಎಂಜಿನ್ ನಿಂತಲ್ಲೇ ಓಡುವಾಗ ತಾತ್ಕಾಲಿಕ ಮತ್ತು ದೀರ್ಘಕಾಲಿಕ ಟ್ರಿಮ್ ಎರಡನ್ನೂ ಕೂಡಿಸಿ ಬರೆದುಕೊಂಡು, ಆಕ್ಸಿಲರೇಟರ್ ಒತ್ತಿ 2500 ಸುತ್ತಿನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಬೇಕು. ನಿಂತಾಗ 20ರ ಮೇಲಿದ್ದದ್ದು 2500ರಲ್ಲಿ ನಾಲ್ಕೈದಕ್ಕೆ ಇಳಿದರೆ ಗಾಳಿಯ ಸೋರಿಕೆ ಬಹುತೇಕ ಖಚಿತ. ನಿಂತಾಗ ಸರಿಯಿದ್ದು, ವೇಗ ಹೆಚ್ಚಿದಂತೆ ಮತ್ತು ಭಾರ ಬಿದ್ದಂತೆ ಟ್ರಿಮ್ ಏರುತ್ತ ಹೋದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಸೋಲುತ್ತಿದೆ. ಒಳಬರುವ ಗಾಳಿಯ ಪ್ರಮಾಣವನ್ನೇ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಗಾಡಿಗಳಲ್ಲಿ ಈ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಗಾಡಿಗಳಲ್ಲಿ, ನಮ್ಮ ಹಲವು ಚಿಕ್ಕ ಕಾರುಗಳು ಈ ಜಾತಿಯವು, ಸೋರಿ ಬಂದ ಗಾಳಿ ಒತ್ತಡವನ್ನು ಏರಿಸುವುದರಿಂದ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಕೊಟ್ಟುಬಿಡುತ್ತದೆ. ಅಲ್ಲಿ ಟ್ರಿಮ್ ಹೆಚ್ಚು ಬದಲಾಗದೆ ಎಂಜಿನ್ನಿನ ವೇಗವೇ ಏರಿ, ಒಮ್ಮೊಮ್ಮೆ ಏರಿಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಟ್ರಿಮ್ ಚೆನ್ನಾಗಿದೆ, ಸೋರಿಕೆಯಿಲ್ಲ ಎಂದು ಕೈಬಿಟ್ಟರೆ ದೋಷ ಸಿಗದೇ ಉಳಿಯುತ್ತದೆ.

ಸ್ಕ್ಯಾನರಿನಲ್ಲಿ ಬೆಳಿಗ್ಗೆ ಮಾಡಬಹುದಾದ ಇನ್ನೊಂದು ಸುಲಭ ಪರೀಕ್ಷೆಯಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ಕೂಲಂಟಿನ ತಾಪ ಮತ್ತು ಒಳಬರುವ ಗಾಳಿಯ ತಾಪ ನೋಡಬೇಕು. ಎರಡೂ ಅಂದಿನ ಹವೆಗೆ ಹತ್ತಿರವಿರಬೇಕು, ಪರಸ್ಪರ ಕೆಲವೇ ಡಿಗ್ರಿ ವ್ಯತ್ಯಾಸ ಇರಬೇಕು. ಧಾರವಾಡದ ಡಿಸೆಂಬರ್ ಮುಂಜಾನೆಯಲ್ಲಿ ಕೂಲಂಟ್ 60 ಡಿಗ್ರಿ ತೋರಿಸಿದರೆ ಆ ಸೆನ್ಸರ್ ಸುಳ್ಳು ಹೇಳುತ್ತಿದೆ, ಅದನ್ನು ನಂಬಿದ ಕಂಪ್ಯೂಟರ್ ಥಂಡಿ ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲ್ ಕೊಡುತ್ತಿಲ್ಲ.

ತಾಳಬದ್ಧ ಧಕ್ಕೆ ಮತ್ತು ಒಂದೇ ಸಿಲಿಂಡರಿನ ಸಂಖ್ಯೆ ಬಂದಾಗ ದಾರಿ ಇನ್ನೂ ಸರಳ. ಮೂರನೆಯ ಸಿಲಿಂಡರ್ ತಪ್ಪುತ್ತಿದ್ದು ಪಿ0303 ಬಂದಿದೆ ಎಂದುಕೊಳ್ಳೋಣ. ಎಂಜಿನ್ ಬಂದ್ ಮಾಡಿ, ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರದ್ದನ್ನು ಮೂರನೆಯದಕ್ಕೂ ಹಾಕಿ, ಸಂಖ್ಯೆ ಅಳಿಸಿ ಮತ್ತೆ ಓಡಿಸಬೇಕು. ದೋಷ ಪಿ0301 ಆಗಿ ಬಂದರೆ ಕಾಯಿಲೇ ಕೆಟ್ಟಿದೆ. ಪಿ0303 ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಬೇಕು, ಆಮೇಲೆ ಇಂಜೆಕ್ಟರ್. ಹೊಸ ಭಾಗಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ದೊರೆಯುವ ಪುರಾವೆಯಿದು. ಎಂಜಿನ್ ಓಡುತ್ತಿರುವಾಗ ಕಾಯಿಲ್ ಕಿತ್ತು ನೋಡುವ ಹಳೆಯ ಪದ್ಧತಿಯಲ್ಲಿ ಸಾವಿರಾರು ವೋಲ್ಟಿನ ಹೊಡೆತ ಬೀಳಬಹುದು, ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಹೋಗುತ್ತದೆ. ಅದರ ಬದಲು ಇಂಜೆಕ್ಟರಿನ ಕನೆಕ್ಟರನ್ನು ಒಂದೊಂದಾಗಿ ತೆಗೆದು, ಯಾವುದನ್ನು ತೆಗೆದಾಗ ಎಂಜಿನ್ನಿನ ವೇಗ ಕುಸಿಯುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿತ್ತು ಎಂದು ತಿಳಿಯಬಹುದು.

ಪ್ಲಗ್ ತೆಗೆಯುವಾಗ ಎಂಜಿನ್ ತಣ್ಣಗಿರಬೇಕು, ಏಕೆಂದರೆ ಎಂಜಿನ್ನಿನ ಮೇಲ್ಭಾಗವಾದ ಬಿಸಿ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬಂದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ತೆಗೆದ ಪ್ಲಗ್ಗಿನ ತುದಿ ಬಿಸ್ಕಿಟಿನ ಕಂದು ಬಣ್ಣಕ್ಕಿದ್ದರೆ ಉರಿತ ಸರಿಯಾಗಿದೆ. ಒಣ ಕರಿ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಜಿಡ್ಡಿನ ಕಪ್ಪಾದರೆ ಎಂಜಿನ್ ಆಯಿಲ್ ಒಳಬರುತ್ತಿದೆ, ಬಿಳಿಚಿ ಗುಳ್ಳೆಯೆದ್ದಿದ್ದರೆ ಕಾವು ಮಿತಿ ಮೀರಿದೆ. ಪ್ಲಗ್ ಕೂರುವ ಕುಳಿಯಲ್ಲಿ ಆಯಿಲ್ ನಿಂತಿದ್ದರೆ ಮೇಲಿನ ಕವರಿನ ಗ್ಯಾಸ್ಕೆಟ್ ಬದಲಿಸದೆ ಕಾಯಿಲ್ ಮಾತ್ರ ಬದಲಿಸುವುದು ನಿಷ್ಪ್ರಯೋಜಕ, ಹೊಸ ಕಾಯಿಲಿನ ರಬ್ಬರೂ ಅದೇ ಆಯಿಲಿಗೆ ಹಾಳಾಗುತ್ತದೆ. ಮಳೆಗಾಲದಲ್ಲಿ ಎಂಜಿನ್ನನ್ನು ನೀರಿನ ಒತ್ತಡದಿಂದ ತೊಳೆಸಿದ ಮರುದಿನವೇ ನಡುಕ ಶುರುವಾಗಿದ್ದರೆ ಇದೇ ಕುಳಿಗಳಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು.

ಇತ್ತೀಚೆಗೆ ಎಲ್ಲ ನಡುಕಕ್ಕೂ ಎಥನಾಲ್ ಬೆರೆತ ಪೆಟ್ರೋಲೇ ಕಾರಣ ಎನ್ನುವ ಮಾತು ಹೆಚ್ಚು ಕೇಳುತ್ತಿದೆ. ಇದರಲ್ಲಿ ನಿಜವಿದೆ, ಆದರೆ ಅಳತೆಯೊಳಗೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಶೇಕಡಾ 20 ಎಥನಾಲ್ ಬೆರೆತಾಗ ಅದು ಸುಮಾರು 13.5ಕ್ಕೆ ಇಳಿಯುತ್ತದೆ, ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಆಕ್ಸಿಜನ್ ಸೆನ್ಸರ್ ಚೆನ್ನಾಗಿರುವ ಗಾಡಿ ಇದನ್ನು ಟ್ರಿಮ್ ಮೂಲಕ ತಾನೇ ಸರಿಪಡಿಸಿಕೊಳ್ಳುತ್ತದೆ. ಮೊದಲೇ ಸೋರಿಕೆಯೋ ಕೊಳೆ ಕಟ್ಟಿದ ಇಂಜೆಕ್ಟರೋ ಇದ್ದು ಸರಿಪಡಿಸುವ ಮಿತಿಯ ಅಂಚಿನಲ್ಲಿದ್ದ ಹಳೆಯ ಗಾಡಿ ಮಾತ್ರ ಇದರಿಂದ ಮಿತಿ ದಾಟುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕೆಲವು ರಬ್ಬರ್ ಭಾಗಗಳಿಗೆ ಒಗ್ಗುವುದಿಲ್ಲ ಎಂಬುದೂ ದಿಟ. ಆದ್ದರಿಂದ ಬಹಳ ದಿನ ಓಡಿಸದೆ ನಿಲ್ಲಿಸುವ ಗಾಡಿಯಲ್ಲಿ ಹಳೆಯ ಪೆಟ್ರೋಲ್ ಇಟ್ಟುಕೊಳ್ಳದಿರುವುದು ಲೇಸು.

ಗಾಳಿ, ಇಂಧನ, ಕಿಡಿ ಮೂರೂ ಸರಿಯಿದ್ದೂ ಒಂದು ಸಿಲಿಂಡರ್ ಸೋತರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಕಟ್ಟುವ ಒತ್ತಡ, ಅಳೆಯಬೇಕು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇಕಡಾ 10ರಿಂದ 15ರೊಳಗಿರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿ ವರ್ಷಗಟ್ಟಲೆ ಓಡಿಸಿದ ಗಾಡಿಗಳಲ್ಲಿ ವಾಲ್ವ್ ಕೂರುವ ಸೀಟ್ ಸವೆದು, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಟ್ಯಾಪೆಟ್ ಅಂತರ ಇಲ್ಲವಾಗಿ, ವಾಲ್ವ್ ಪೂರ್ತಿ ಮುಚ್ಚದೇ ನಡುಕ ಬರುವುದುಂಟು. ಹೆಡ್ ಇಳಿಸುವ ಮೊದಲು ಟ್ಯಾಪೆಟ್ ಅಂತರ ನೋಡಿಸಿ ಎಂದು ಒತ್ತಾಯಿಸಿ ಕೇಳಬೇಕು. ಮ್ಯಾನಿಫೋಲ್ಡಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಬಳಸುವವರು ಪುಸ್ತಕದ ಅಂಕಿಯನ್ನು ಹಾಗೆಯೇ ಒಪ್ಪಬಾರದು: ಅದು ಸಮುದ್ರಮಟ್ಟದ ಅಂಕಿ. ಹುಬ್ಬಳ್ಳಿ-ಧಾರವಾಡ 2,000 ಅಡಿಗಿಂತ ಎತ್ತರದಲ್ಲಿರುವುದರಿಂದ, ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು (ಪಾದರಸದ ಅಳತೆಯಲ್ಲಿ) ಕಡಿಮೆಯಾಗುವ ಲೆಕ್ಕದಲ್ಲಿ, ಇಲ್ಲಿ ಆರೋಗ್ಯವಂತ ಎಂಜಿನ್ ಕೂಡ ಎರಡು ಇಂಚು ಕಡಿಮೆಯನ್ನೇ ತೋರಿಸುತ್ತದೆ.

ಡೀಸೆಲ್ ಗಾಡಿಗಳ ಕಥೆ ಬೇರೆ. ಅಲ್ಲಿ ಪ್ಲಗ್ಗಿನ ಕಿಡಿಯಿಲ್ಲ. ನಿಂತಾಗಿನ ನಡುಕಕ್ಕೆ ಇಂಜೆಕ್ಟರ್ ಸವೆತ, ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ, ಫಿಲ್ಟರಿನ ನೀರು ಮತ್ತು ಉರಿದ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ, ಮಸಿ ಕಟ್ಟಿ ತೆರೆದೇ ಉಳಿದ ಇಜಿಆರ್ ವಾಲ್ವ್ ಪ್ರಮುಖ ಕಾರಣಗಳು.

ಚೆಕ್ ಎಂಜಿನ್ ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ಅದು ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸುವ ಹಂತ ಬಂದಿದೆ. ಆಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಬೇಕು. ರಿಪೇರಿ ಮುಗಿದ ಮೇಲೆ ಸಂಖ್ಯೆಗಳನ್ನು ಅಳಿಸಿ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬರುವಂಥ, ಸಿಗ್ನಲ್ಲೂ ಏರೂ ಇರುವ ದಾರಿಯಲ್ಲಿ ಎಂದಿನಂತೆ ಓಡಿಸಿ, ಎಸಿ ಹಾಕಿಯೂ ಹಾಕದೆಯೂ ಟ್ರಿಮ್ ಮತ್ತೆ ಬರೆದುಕೊಳ್ಳಬೇಕು. ಮೊದಲಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅವು ಸೊನ್ನೆಯ ಕಡೆಗೆ ಬಂದಿದ್ದು, ಕೆಲವು ದಿನಗಳ ಓಡಾಟದ ನಂತರವೂ ಸ್ಕ್ಯಾನರಿನ ಪೆಂಡಿಂಗ್ ಪಟ್ಟಿಯಲ್ಲಿ, ಅಂದರೆ ಇನ್ನೂ ಖಚಿತವಾಗದ ದೋಷಗಳ ಪಟ್ಟಿಯಲ್ಲಿ, ಹೊಸ ಸಂಖ್ಯೆ ಕಾಣದಿದ್ದರೆ ಮಾತ್ರ ರಿಪೇರಿ ಮುಗಿದಿದೆ ಎಂದು ತಿಳಿಯಬೇಕು.